ಹಳೇ ಅಮೆರಿಕನ್ ಸೋಪ್ ಎಪಿಸೋಡ್ ಯಾವ ದಿನದ್ದು ಅಂತ ಕಂಡುಹಿಡಿಯೋದು ಹೇಗೆ: ಸಮಗ್ರ ಮಾರ್ಗದರ್ಶಿ

ಸೋಪ್ ಅಂದ್ರೆ ಅಮೆರಿಕದ ಟಿವಿಯಲ್ಲಿ ಹಗಲು ಹೊತ್ತು ಬರೋ ಧಾರಾವಾಹಿ, ಜನರಲ್ ಹಾಸ್ಪಿಟಲ್ ಅಂಥದ್ದೊಂದು. ಯೂಟ್ಯೂಬಲ್ಲಿ 'ಜನರಲ್ ಹಾಸ್ಪಿಟಲ್ 1980' ಅಂತ ಹುಡುಕಿ ನೋಡಿ, ರಾಶಿ ರಾಶಿ ವಿಡಿಯೋ ಬರ್ತವೆ. ಟೈಟಲ್‌ನಲ್ಲಿ ಇರೋ ಇಸವಿ ಎಷ್ಟೋ ಸಲ ಅಪ್‌ಲೋಡ್ ಮಾಡಿದವರ ಅಂದಾಜು ಅಷ್ಟೇ, ಅಜ್ಜಿ ಮನೆ ಅಟ್ಟದಲ್ಲಿ ಸಿಕ್ಕಿದ ಕ್ಯಾಸೆಟ್ ಮೇಲೆ ಪೆನ್ನಲ್ಲಿ ಬರ್ದಿದ್ದು ಅದೇ, ಅದನ್ನೇ ಇಳಿಸ್ಕೊಂಡು ಇನ್ನೊಬ್ರು ಹಾಕ್ತಾರೆ, ಅವರದ್ದು ನೋಡಿ ಮತ್ತೊಬ್ರು ಲಿಸ್ಟ್ ಮಾಡ್ತಾರೆ, ಹೀಗೆ ತಪ್ಪು ದಿನಾಂಕಾನೇ ಗಟ್ಟಿಯಾಗಿ ಕೂತ್ಬಿಡತ್ತೆ. ಈ ಬರಹ ಅದನ್ನ ಸರಿಯಾಗಿ ಮಾಡೋದು ಹೇಗೆ ಅಂತ. ಒಂದೇ ಮಾತು ತಲೆಯಲ್ಲಿಟ್ಕೊಳ್ಳಿ: ನೇರ ದಿನಾಂಕ ಹುಡುಕೋಕೆ ಹೋಗ್ಬೇಡಿ. ಮೊದಲು 'ಇದಕ್ಕಿಂತ ಹಿಂದಿಂದಂತೂ ಅಲ್ಲ, ಇದಕ್ಕಿಂತ ಆಮೇಲಿಂದೂ ಅಲ್ಲ' ಅಂತ ಎರಡು ಗಡಿ ಹಾಕಿ, ಆಮೇಲೆ ಆ ಗಡೀನ ಎರಡೂ ಕಡೆಯಿಂದ ಒತ್ತುತ್ತಾ ಬನ್ನಿ, ಕೊನೆಗೆ ಒಂದು ದಿನ ಉಳಿಯತ್ತೆ.

ಇದೆಲ್ಲ ಯಾಕೆ ಇಷ್ಟು ಕಷ್ಟ ಅಂದ್ರೆ ಸೋಪ್‌ಗಳು ಸೋಮವಾರದಿಂದ ಶುಕ್ರವಾರ ದಿನಾ ಬರೋವು, ಎಪಿಸೋಡ್‌ಗೆ ಹೆಸರು ಇಲ್ಲ, ಸೀಸನ್ ಇಲ್ಲ, ರಿಪೀಟ್ ಇಲ್ಲ. ಜೊತೆಗೆ ಆಗಿನ ಎರಡಿಂಚು ಅಗಲದ ವಿಡಿಯೋ ಟೇಪ್ ದುಬಾರಿ, ಹಾಗಾಗಿ ನೆಟ್‌ವರ್ಕ್‌ನವರು (ಎಬಿಸಿ, ಸಿಬಿಎಸ್, ಎನ್‌ಬಿಸಿ ಅನ್ನೋ ದೇಶವ್ಯಾಪಿ ಟಿವಿ ಕಂಪನಿಗಳು) ಪ್ರಸಾರ ಆದ ಟೇಪನ್ನೇ ಅಳಿಸಿ ಇನ್ನೊಂದು ಕಾರ್ಯಕ್ರಮ ರೆಕಾರ್ಡ್ ಮಾಡ್ತಿದ್ರು, ಈ ಚಾಳಿ 1970ರ ದಶಕದ ಕೊನೆ ತನಕವೂ ಇತ್ತು. ಆಲ್ ಮೈ ಚಿಲ್ಡ್ರನ್ ಶುರುವಾಗಿದ್ದು 5 ಜನವರಿ 1970ಕ್ಕೆ, ಅದರ ಮೊದಲ ವರ್ಷಗಳ ಎಪಿಸೋಡ್ ಬಹುಪಾಲು ಹೋಗೇಬಿಟ್ಟಿವೆ. ಉಳಿದಿರೋದು ಚೂರುಪಾರು, ಆ ಚೂರುಗಳಿಗೇ ನಾವು ದಿನಾಂಕ ಹಚ್ಬೇಕಾಗಿರೋದು.

ಮೊದಲ ಹೆಜ್ಜೆ: ನಿಮ್ಮ ಕೈಲಿರೋದು ಎಂಥ ಕಾಪಿ ಅಂತ ನೋಡಿ

ಕಥೆ ನೋಡೋಕ್ಕೆ ಮುಂಚೆ ಕಾಪಿ ನೋಡಿ. ಕಪ್ಪು ಬಿಳುಪು ಇದ್ದು, ಚಿತ್ರದ ಅಂಚು ಸ್ವಲ್ಪ ಉಬ್ಬಿದ ಹಾಗೆ, ಫಿಲ್ಮಿನ ಗೀರು ಕಾಣ್ತಿದ್ರೆ ಅದು ಕಿನೆಸ್ಕೋಪ್, ಅಂದ್ರೆ ಟಿವಿ ಮಾನಿಟರ್ ಮುಂದೆ ಫಿಲ್ಮ್ ಕ್ಯಾಮೆರಾ ಇಟ್ಟು ತೆಗೆದಿದ್ದು. 1950ರ ದಶಕದ ಸೋಪ್ ಏನಾದ್ರೂ ಉಳಿದಿದ್ರೆ ಹೆಚ್ಚಾಗಿ ಹೀಗೇ ಉಳಿದಿರೋದು. ಇಲ್ಲೊಂದು ಎಚ್ಚರ, ಕಿನೆಸ್ಕೋಪ್ ಕಪ್ಪು ಬಿಳುಪಾಗಿದೆ ಅಂದ ಮಾತ್ರಕ್ಕೆ ಪ್ರಸಾರವೂ ಕಪ್ಪು ಬಿಳುಪಾಗಿತ್ತು ಅಂತಲ್ಲ. ಕಲರ್‌ನಲ್ಲಿ ಬಂದಿದ್ದ ಎಪಿಸೋಡೂ ಕಪ್ಪು ಬಿಳುಪು ಕಿನೆಸ್ಕೋಪ್ ಆಗಿ ಉಳಿದಿರೋದುಂಟು, ಡಾರ್ಕ್ ಶ್ಯಾಡೋಸ್‌ನ ಕೆಲವು ಎಪಿಸೋಡ್ ಹಾಗೇ ಇವೆ.

ಜಾಹೀರಾತು ಸಮೇತ, ಮಧ್ಯೆ ಮಧ್ಯೆ ಗೆರೆ ಹೊಡೆಯೋ ಮನೆ ರೆಕಾರ್ಡಿಂಗ್ ಆದ್ರೆ ಒಂದು ಗಡಿ ತಾನಾಗೇ ಸಿಕ್ತು. ಅಮೆರಿಕದಲ್ಲಿ ಸೋನಿ ಬೀಟಾಮ್ಯಾಕ್ಸ್ ಬಂದಿದ್ದು 1975ರ ಕೊನೆಗೆ, ವಿಎಚ್‌ಎಸ್ ಬಂದಿದ್ದು 1977ರಲ್ಲಿ. ಅದಕ್ಕೆ ಮುಂಚೆ ಸಾಮಾನ್ಯ ಮನೇಲಿ ಸೋಪ್ ರೆಕಾರ್ಡ್ ಮಾಡೋ ಚಾನ್ಸೇ ಇರ್ಲಿಲ್ಲ ಅನ್ನಿ, ಮಾಡಿದ್ರೂ ಟಿವಿ ಸ್ಪೀಕರ್ ಪಕ್ಕ ಟೇಪ್ ರೆಕಾರ್ಡರ್ ಇಟ್ಟು ಬರೀ ಧ್ವನಿ. ಹಾಗೆ ಧ್ವನಿ ಮಾತ್ರ ಉಳಿದಿರೋದೂ ಕಡೆಗಣಿಸೋ ವಸ್ತು ಅಲ್ಲ, ಡಾರ್ಕ್ ಶ್ಯಾಡೋಸ್‌ನ 1219ನೇ ಎಪಿಸೋಡಿನ ಟೇಪೇ ಇಲ್ಲ, ಅದನ್ನ ಮತ್ತೆ ಕಟ್ಟಿದ್ದು ಇಂಥ ಧ್ವನಿ ರೆಕಾರ್ಡಿಂಗ್ ಇಟ್ಕೊಂಡೇ.

ಮೂಲೆಯಲ್ಲಿ ಸೋಪ್‌ನೆಟ್ (ಸೋಪ್‌ಗಳನ್ನ ಮರುಪ್ರಸಾರ ಮಾಡ್ತಿದ್ದ ಕೇಬಲ್ ಚಾನೆಲ್) ಲೋಗೋ ಕಂಡ್ರೆ ಆ ರೆಕಾರ್ಡಿಂಗ್ 2000ರಿಂದ 2013ರ ಒಳಗಿಂದು, ಎಪಿಸೋಡ್ ಬೇರೆ ಕಾಲದ್ದು, ಜಾಹೀರಾತು ಯಾವುದೂ ಕೆಲಸಕ್ಕೆ ಬರಲ್ಲ. ರಯಾನ್ಸ್ ಹೋಪ್ ನೋಡೋರು ಇದಕ್ಕೆ ಜಾಸ್ತಿ ಸಿಕ್ಕಿಬೀಳ್ತಾರೆ. ರೆಟ್ರೋ ಟಿವಿ 2014ರಿಂದ ದ ಡಾಕ್ಟರ್ಸ್ ಮರುಪ್ರಸಾರ ಮಾಡಿದ್ರಲ್ಲ, ಅಲ್ಲೂ ಇದೇ ಕಥೆ. ನಮ್ಮ ಕಡೆಯವರಿಗೆ ಇನ್ನೊಂದು ಗೋಜಲಿದೆ. 90ರ ದಶಕದಲ್ಲಿ ಕೇಬಲ್ ಬಂದಾಗ ಸ್ಟಾರ್ ಪ್ಲಸ್‌ನಲ್ಲಿ ದ ಬೋಲ್ಡ್ ಅಂಡ್ ದ ಬ್ಯೂಟಿಫುಲ್, ಸಾಂಟಾ ಬಾರ್ಬರಾ ಎರಡೂ ಬರ್ತಿದ್ವು, ಬೆಂಗಳೂರು ಮೈಸೂರಲ್ಲಿ ಆಗ ನೋಡಿದವರು 'ಅದು ನಾನು ಪಿಯುಸಿ ಓದುವಾಗ ಬಂದಿದ್ದು' ಅಂತ ಲೆಕ್ಕ ಹಾಕ್ತಾರೆ. ಆದ್ರೆ ಸಾಂಟಾ ಬಾರ್ಬರಾ ಅಮೆರಿಕದಲ್ಲಿ ಶುರುವಾಗಿದ್ದು 30 ಜುಲೈ 1984ಕ್ಕೆ, ಸ್ಟಾರ್ ಪ್ಲಸ್ ಹುಟ್ಟಿದ್ದೇ 1991ರಲ್ಲಿ. ನಿಮ್ಮ ನೆನಪಿನ ಇಸವಿ ನಿಮ್ಮ ಜೀವನಕ್ಕೆ ಸರಿ, ಎಪಿಸೋಡಿಗೆ ಅಲ್ಲ.

ಎರಡನೇ ಹೆಜ್ಜೆ: ದೊಡ್ಡ ಗಡಿ ಹಾಕಿ

ಇದು ಐದು ನಿಮಿಷದ ಕೆಲಸ, ಆದ್ರೂ ಜನ ಬಿಟ್ಬಿಡ್ತಾರೆ. ಎಪಿಸೋಡ್ ಎಷ್ಟುದ್ದ, ಯಾವ ನೆಟ್‌ವರ್ಕ್, ಕಲರೋ ಅಲ್ವೋ, ಟೈಟಲ್ ಏನಂತಿದೆ, ಇಷ್ಟು ಬರ್ಕೊಳ್ಳಿ.

ಉದ್ದ ಅನ್ನೋದು ಬಂಗಾರದಂಥ ಸುಳಿವು. ಸೋಪ್‌ಗಳು ಮೊದಲು 15 ನಿಮಿಷ ಇದ್ವು, 2 ಏಪ್ರಿಲ್ 1956ಕ್ಕೆ ಆಸ್ ದ ವರ್ಲ್ಡ್ ಟರ್ನ್ಸ್ ಮತ್ತೆ ದ ಎಡ್ಜ್ ಆಫ್ ನೈಟ್ ಎರಡೂ ಒಂದೇ ದಿನ ಅರ್ಧ ಗಂಟೆಯದ್ದಾಗಿ ಶುರುವಾದ್ವು. ಗೈಡಿಂಗ್ ಲೈಟ್ 1968ರ ಸೆಪ್ಟೆಂಬರ್ ತನಕ 15 ನಿಮಿಷವೇ, ಆಮೇಲೆ ಅರ್ಧ ಗಂಟೆ, 7 ನವೆಂಬರ್ 1977ರಿಂದ ಒಂದು ಗಂಟೆ. ಮಜಾ ಇರೋದು ವಿಚಿತ್ರ ಉದ್ದಗಳಲ್ಲಿ. ಜನರಲ್ ಹಾಸ್ಪಿಟಲ್ ಮತ್ತೆ ಒನ್ ಲೈಫ್ ಟು ಲಿವ್ ಎರಡನ್ನೂ ಎಬಿಸಿಯವರು 26 ಜುಲೈ 1976ರಿಂದ 45 ನಿಮಿಷ ಮಾಡಿದ್ರು, 16 ಜನವರಿ 1978ಕ್ಕೆ ಒಂದು ಗಂಟೆ ಮಾಡಿದ್ರು. ಅಂದ್ರೆ ನಿಮ್ಮ ಹತ್ರ 45 ನಿಮಿಷದ ಸ್ಲಾಟಿನ ಜನರಲ್ ಹಾಸ್ಪಿಟಲ್ ಇದ್ರೆ ಕಥೆ ಏನು ಅಂತ ನೋಡದೇನೇ ಒಂದೂವರೆ ವರ್ಷದೊಳಗೆ ಬಂದ್ಬಿಟ್ರಿ. ಅನದರ್ ವರ್ಲ್ಡ್ ಇನ್ನೂ ಮೇಲು, ಅದು 5 ಮಾರ್ಚ್ 1979ರಿಂದ 1980ರ ಆಗಸ್ಟ್ ಮೊದಲ ದಿನದ ತನಕ ಒಂದೂವರೆ ಗಂಟೆ ಓಡ್ತು, ದಿನಾ ಒಂದೂವರೆ ಗಂಟೆ ಸೋಪ್ ಬರೆಯೋರ ಗತಿ ಏನಾಗಿರ್ಬೇಕು ಯೋಚ್ನೆ ಮಾಡಿ. ಜಾಹೀರಾತು ಕತ್ತರಿಸಿದ ಕಾಪಿ ಆದ್ರೆ ಉದ್ದ ಕಮ್ಮಿ ಕಾಣತ್ತೆ, ಅದನ್ನ ಸೇರಿಸ್ಕೊಂಡು ಲೆಕ್ಕ ಹಾಕಿ.

ನೆಟ್‌ವರ್ಕ್ ಬದಲಾಗಿದ್ದೂ ಹಾಗೇ. ದ ಎಡ್ಜ್ ಆಫ್ ನೈಟ್ 1 ಡಿಸೆಂಬರ್ 1975ಕ್ಕೆ ಸಿಬಿಎಸ್ ಬಿಟ್ಟು ಎಬಿಸಿಗೆ ಹೋಯ್ತು. ಸರ್ಚ್ ಫಾರ್ ಟುಮಾರೊ 29 ಮಾರ್ಚ್ 1982ಕ್ಕೆ ಸಿಬಿಎಸ್‌ನಿಂದ ಎನ್‌ಬಿಸಿಗೆ. 'ದ ಗೈಡಿಂಗ್ ಲೈಟ್' ಅಂತ ಟೈಟಲ್ ಇದ್ರೆ ಹಳೇದು, ಆ 'ದ' ತೆಗೆದಿದ್ದು 1975ರಲ್ಲಿ. ಎನ್‌ಬಿಸಿ ಕಾರ್ಯಕ್ರಮದ ಅಕ್ಕಪಕ್ಕ ದೊಡ್ಡ 'ಎನ್' ಅಕ್ಷರದ ಲೋಗೋ ಕಂಡ್ರೆ 1976ರ ಜನವರಿ ಆದ್ಮೇಲೆ, ಈಗ ನೋಡೋ ಆರು ಗರಿ ನವಿಲು ಕಂಡ್ರೆ 1986ರ ಮೇ ಆದ್ಮೇಲೆ.

ಕ್ರೆಡಿಟ್ಸ್ ಇದ್ರೆ ಕೊನೇ ಕಾರ್ಡಲ್ಲಿ ಕಾಪಿರೈಟ್ ಇಸವಿ ರೋಮನ್ ಅಂಕೆಯಲ್ಲಿ ಇರತ್ತೆ, ಪಾಸ್ ಮಾಡಿ ಒಂದೊಂದೇ ಅಕ್ಷರ ಓದಿ. ಎಂ ಸಿ ಎಂ ಎಲ್ ಎಕ್ಸ್ ಎಕ್ಸ್ ಎಕ್ಸ್ ಐ ಅಂದ್ರೆ 1981, ಮಸುಕಾದ ಟೇಪಲ್ಲಿ ಒಂದು ಎಕ್ಸ್ ಕಾಣದೇ ಹೋದ್ರೆ ಹತ್ತು ವರ್ಷ ಹಿಂದೆ ಹೋಗ್ತೀರ. ಡಿಸೆಂಬರಲ್ಲಿ ಟೇಪ್ ಮಾಡಿದ ಎಪಿಸೋಡ್ ಜನವರಿಯಲ್ಲಿ ಬರೋದು ಮಾಮೂಲು, ಹಾಗಾಗಿ ಕಾಪಿರೈಟ್ ಇಸವಿ ಹಿಂದಿನ ವರ್ಷದ್ದೇ ಇರ್ಬಹುದು, ವರ್ಷದ ಬಾಗಿಲಲ್ಲಿ ಅದನ್ನ ನೆಚ್ಚಿಕೊಳ್ಬೇಡಿ.

ಮೂರನೇ ಹೆಜ್ಜೆ: ನಂಬರ್ ಇದ್ರೆ ಲೆಕ್ಕ ಹಾಕಿ

ಕೆಲವು ಕಾಪಿಗಳಲ್ಲಿ ಎಪಿಸೋಡ್ ಶುರುವಾಗೋಕೆ ಮುಂಚೆ ಸ್ಲೇಟ್ ತೋರಿಸ್ತಾರೆ, ಅದರ ಮೇಲೆ ಎಪಿಸೋಡ್ ನಂಬರ್, ಟೇಪ್ ಮಾಡಿದ ದಿನ, ಕೆಲವೊಮ್ಮೆ ಪ್ರಸಾರದ ದಿನ ಇರತ್ತೆ. ಟೇಪ್ ಮಾಡಿದ ದಿನಾನ ಪ್ರಸಾರದ ದಿನ ಅಂತ ಬರೆದಿರೋ ಲಿಸ್ಟ್‌ಗಳು ಬೇಕಾದಷ್ಟಿವೆ, ಎರಡರ ಮಧ್ಯೆ ದಿನಗಳಿಂದ ಹಿಡಿದು ವಾರಗಳ ತನಕ ಅಂತರ ಇರತ್ತೆ, ಅದರಲ್ಲೂ ಕೆಲವು ಸೋಪ್‌ಗಳು ಸೆಟ್ಟಿನ ಅನುಕೂಲಕ್ಕೆ ಹಿಂದು ಮುಂದಾಗಿ ಶೂಟ್ ಮಾಡ್ತಿದ್ರು.

ನಂಬರಿನಿಂದ ದಿನ ತೆಗೆಯೋದು ಹೇಗೆ ಅಂತ ಡಾರ್ಕ್ ಶ್ಯಾಡೋಸ್ ಇಟ್ಕೊಂಡೇ ತೋರಿಸ್ತೀನಿ, ಯಾಕಂದ್ರೆ ಅದರ ಲೆಕ್ಕ ಚೊಕ್ಕ. ಮೊದಲ ಎಪಿಸೋಡ್ ಸೋಮವಾರ 27 ಜೂನ್ 1966. ವಾರಕ್ಕೆ ಐದು. ಹಾಗಾದ್ರೆ ನಂಬರನ್ನ 5ರಿಂದ ಭಾಗಿಸಿ, ಶೇಷ ಸೊನ್ನೆ ಬಂದ್ರೆ ಭಾಗಲಬ್ಧದ ವಾರದ ಶುಕ್ರವಾರ, ಶೇಷ 1 ಬಂದ್ರೆ ಅದರ ಮುಂದಿನ ವಾರದ ಸೋಮವಾರ, 2 ಬಂದ್ರೆ ಮಂಗಳವಾರ, ಹೀಗೆ. 295ನೇ ಎಪಿಸೋಡ್ ತಗೊಳ್ಳಿ. 295 ಭಾಗಿಸು 5, ಸರಿಯಾಗಿ 59. ಅಂದ್ರೆ 59ನೇ ವಾರದ ಶುಕ್ರವಾರ. 27 ಜೂನ್ 1966ಕ್ಕೆ 58 ವಾರ ಕೂಡಿಸಿದ್ರೆ ಸೋಮವಾರ 7 ಆಗಸ್ಟ್ 1967, ಆ ವಾರದ ಶುಕ್ರವಾರ 11 ಆಗಸ್ಟ್. ಆ ಸೋಪ್ ಮೊದಲ ಸಲ ಕಲರಲ್ಲಿ ಬಂದಿದ್ದು ಅವತ್ತೇ, ಎಪಿಸೋಡ್ 295, ಕರೆಕ್ಟ್. ಕೊನೇ ಎಪಿಸೋಡ್ ನಂಬರ್ 1245, ಐದರಿಂದ ಭಾಗಿಸಿದ್ರೆ 249, ಆ ವಾರದ ಶುಕ್ರವಾರ 2 ಏಪ್ರಿಲ್ 1971. ಅದೂ ಕರೆಕ್ಟ್.

ಈಗ 211 ನೋಡಿ, ಬಾರ್ನಬಾಸ್ ಕಾಲಿನ್ಸ್ ಪಾತ್ರದಲ್ಲಿ ಜೋನಾಥನ್ ಫ್ರಿಡ್ ಮುಖ ತೋರಿಸೋ ಎಪಿಸೋಡ್. 42 ವಾರ ಆಗಿ ಶೇಷ 1, ಅಂದ್ರೆ 43ನೇ ವಾರದ ಸೋಮವಾರ, 17 ಏಪ್ರಿಲ್ 1967. ಆದ್ರೆ ಅದು ನಿಜವಾಗ್ಲೂ ಬಂದಿದ್ದು ಮಂಗಳವಾರ 18 ಏಪ್ರಿಲ್. ಒಂದು ದಿನ ಜಾರಿದೆ. ಕಾರಣ ಇಷ್ಟೇ, ಯಾವತ್ತೋ ಒಂದು ದಿನ ಸೋಪ್ ಬರದೇ ಹೋದಾಗ ನಂಬರ್ ಮಾತ್ರ ನಿಂತ್ಕೊಂಡಿರತ್ತೆ, ಕ್ಯಾಲೆಂಡರ್ ಮುಂದೆ ಹೋಗಿರತ್ತೆ, ಆಮೇಲೆ ಶುಕ್ರವಾರದ ನಂಬರ್ 5 ಅಥವಾ 0ಯಲ್ಲೇ ಮುಗೀಲಿ ಅಂತ ಒಂದು ನಂಬರ್ ಹಾರಿಸಿ ಸರಿ ಮಾಡ್ಕೊಳ್ತಾರೆ. ನಂಬರ್ 1245ರ ತನಕ ಹೋದ್ರೂ ತೆಗೆದಿರೋ ಎಪಿಸೋಡ್ 1225 ಮಾತ್ರ, ಮಿಕ್ಕ ನಂಬರ್‌ಗಳು ಹೀಗೆ ಹಾರಿದ್ದೇ. ಹಾಗಾಗಿ ಲೆಕ್ಕದಿಂದ ವಾರ ಸಿಗತ್ತೆ, ದಿನಕ್ಕೆ ಇನ್ನೊಂದು ಸಾಕ್ಷಿ ಬೇಕು. ನಂಬರ್ ಹಾರಿಸದೇ ಹಾಗೇ ಮುಂದುವರಿಸೋ ಸೋಪ್‌ಗಳಲ್ಲಿ ಈ ವ್ಯತ್ಯಾಸ ವರ್ಷದಿಂದ ವರ್ಷಕ್ಕೆ ಗುಡ್ಡೆ ಬೀಳತ್ತೆ, ಅಲ್ಲಿ ಹತ್ತಿರದ ಯಾವುದಾದ್ರೂ ಗ್ಯಾರಂಟಿ ಎಪಿಸೋಡಿನಿಂದ ಎಣಿಸಬೇಕೇ ಹೊರತು ಮೊದಲ ಎಪಿಸೋಡಿನಿಂದ ಅಲ್ಲ.

ನಾಲ್ಕನೇ ಹೆಜ್ಜೆ: ಜಾಹೀರಾತು ಮತ್ತೆ ಪ್ರೋಮೋ, ಅಸಲಿ ಕೆಲಸ ಇರೋದೇ ಇಲ್ಲಿ

ಸೋಪ್ ಅಭಿಮಾನಿಗಳು ಕಥೆ ನೋಡೋ ಆತುರಕ್ಕೆ ಜಾಹೀರಾತು ಓಡಿಸ್ತಾರೆ, ದಿನಾಂಕ ಹುಡುಕೋರು ಕಥೆ ಓಡಿಸಿ ಜಾಹೀರಾತು ನೋಡ್ಬೇಕು. ಕಥೆಯೊಳಗಿನ ಸಾಕ್ಷಿಗಿಂತ ಕಥೆ ಹೊರಗಿನ ಸಾಕ್ಷಿ ಯಾವತ್ತೂ ಗಟ್ಟಿ.

ಒರಟು ಸುಳಿವಿನಿಂದ ಶುರು ಮಾಡಿ. ಸಿಗರೇಟ್ ಜಾಹೀರಾತು ಇದ್ಯಾ? ಅಮೆರಿಕದ ಟಿವಿಯಲ್ಲಿ ಅದು 1971ರ ಜನವರಿ 1ರ ರಾತ್ರಿಗೆ ನಿಂತುಹೋಯ್ತು, ಹಾಗಾಗಿ ಎಪಿಸೋಡ್ ಅದಕ್ಕಿಂತ ಹಳೇದು. 'ಈ ವಿಳಾಸಕ್ಕೆ ಬರೆಯಿರಿ' ಅಂತ ಅಂಚೆ ವಿಳಾಸದಲ್ಲಿ ಐದಂಕಿ ಜಿಪ್ ಕೋಡ್ ಇದ್ರೆ 1963ರ ಜುಲೈ ಆದ್ಮೇಲಿನದು. ಟೈಲೆನಾಲ್ ಜಾಹೀರಾತು ಬಂದ್ರೆ ಡಬ್ಬಿ ನೋಡಿ. 1982ರ ಸೆಪ್ಟೆಂಬರ್ ಕೊನೆಯಲ್ಲಿ ಶಿಕಾಗೋ ಕಡೆ ಆ ಮಾತ್ರೆಯಲ್ಲಿ ಯಾರೋ ಸೈನೈಡ್ ಬೆರೆಸಿ ಜನ ಸತ್ರು, ಕಂಪನಿ ಮಾಲು ವಾಪಸ್ ತಗೊಂಡು ಜಾಹೀರಾತು ನಿಲ್ಸಿ, ನವೆಂಬರ್‌ನಲ್ಲಿ ಮೂರು ಸೀಲಿನ ಹೊಸ ಡಬ್ಬಿ ಜೊತೆ ವಾಪಸ್ ಬಂತು. 'ಹೊಸ ಸುರಕ್ಷಿತ ಪ್ಯಾಕ್' ಅಂತ ಹೇಳ್ತಿದ್ರೆ ನಿಮ್ಮ ಕೆಳಗಡಿ 1982ರ ನವೆಂಬರ್. ಹೊಸ ರುಚಿಯ ಕೋಕ್ ಅಂತ ಜಾಹೀರಾತು ಇದ್ರೆ 23 ಏಪ್ರಿಲ್ 1985 ಆದ್ಮೇಲೆ, ಕೋಕಾಕೋಲಾ ಕ್ಲಾಸಿಕ್ ಅಂತ ಡಬ್ಬಿ ಕಂಡ್ರೆ ಅದೇ ವರ್ಷ ಜುಲೈ ಆದ್ಮೇಲೆ. ಸಿನಿಮಾ ಟ್ರೇಲರ್ ಕೊನೆಗೆ 'ಈ ಶುಕ್ರವಾರದಿಂದ' ಅಂತ ಧ್ವನಿ ಬಂದ್ರೆ ಬಿಡುಗಡೆ ದಿನ ಹುಡುಕಿ, ವಾರ ಸಿಕ್ತು. ಎಲೆಕ್ಷನ್ ಜಾಹೀರಾತು ಇದ್ರೆ ಮತದಾನದ ಮಂಗಳವಾರ ಮೇಲ್ಗಡಿ.

ಇವೆಲ್ಲ ಒಂದ್ಕಡೆ, 'ಇವತ್ತು ರಾತ್ರಿ' ಅನ್ನೋ ಪ್ರೋಮೋ ಒಂದ್ಕಡೆ. ಆ ನೆಟ್‌ವರ್ಕ್ ರಾತ್ರಿ ತೋರಿಸೋ ಕಾರ್ಯಕ್ರಮದ ತುಣುಕು ಹಾಕಿ, 'ಟುನೈಟ್' ಅಂತ ಹೇಳಿದ್ರೆ ನಿಮಗೆ ದಿನವೇ ಕೈಗೆ ಸಿಕ್ಕ ಹಾಗೆ. ಉದಾಹರಣೆಗೆ ನಿಮ್ಮ ಹತ್ರ ಒಂದು ಗಂಟೆಯ ಗೈಡಿಂಗ್ ಲೈಟ್ ಇದೆ ಅಂತಿಟ್ಕೊಳ್ಳಿ. ಒಂದು ಗಂಟೆ ಅಂದ ಕೂಡ್ಲೇ ನವೆಂಬರ್ 1977 ಆದ್ಮೇಲೆ ಅಂತಾಯ್ತು. ಮಧ್ಯದಲ್ಲಿ ಡ್ಯಾಲಸ್ ಅನ್ನೋ ರಾತ್ರಿ ಧಾರಾವಾಹಿಯ ಪ್ರೋಮೋ, ಅದರ ಜೆ.ಆರ್. ಪಾತ್ರಕ್ಕೆ ಗುಂಡು ಹೊಡೆದವರು ಯಾರು ಅಂತ ಇವತ್ತು ರಾತ್ರಿ ಗೊತ್ತಾಗತ್ತೆ ಅಂತ. ಆ ಎಪಿಸೋಡ್ ಬಂದಿದ್ದು ಶುಕ್ರವಾರ 21 ನವೆಂಬರ್ 1980. ಮುಗೀತು, ನಿಮ್ಮ ಗೈಡಿಂಗ್ ಲೈಟೂ ಅವತ್ತಿಂದೇ. ಪ್ರೋಮೋ 'ಇವತ್ತು' ಅನ್ನದೇ 'ಈ ಶುಕ್ರವಾರ' ಅಂದಿದ್ರೆ 17ರಿಂದ 20ರ ಒಳಗೆ ಒಂದು ದಿನ, ಆಗ ಅದೇ ಟೇಪಲ್ಲಿ ಬೇರೆ ಪ್ರೋಮೋ ಹುಡುಕಿ. ಅದೇ ಥರ ಮ್ಯಾಶ್ ಕೊನೇ ಎಪಿಸೋಡ್ ಇವತ್ತು ರಾತ್ರಿ ಅಂದ್ರೆ ಸೋಮವಾರ 28 ಫೆಬ್ರವರಿ 1983. ಇಷ್ಟು ಹೆಸರುವಾಸಿ ಎಪಿಸೋಡೇ ಆಗಬೇಕಂತಿಲ್ಲ, ಪ್ರೋಮೋದಲ್ಲಿ ಕಾಣೋ ಅತಿಥಿ ನಟ ಯಾರು, ಏನಾಗ್ತಿದೆ ಅಂತ ನೋಡಿ ಆ ಧಾರಾವಾಹಿಯ ಎಪಿಸೋಡ್ ಪಟ್ಟಿ ತೆಗೆದ್ರೆ ಸಿಗತ್ತೆ, ರಾತ್ರಿ ಕಾರ್ಯಕ್ರಮಗಳ ಪಟ್ಟಿ ಸೋಪ್‌ಗಳ ಪಟ್ಟಿಗಿಂತ ಸಾವಿರ ಪಾಲು ಚೆನ್ನಾಗಿ ಇಟ್ಟಿದ್ದಾರೆ.

ಇಲ್ಲಿ ಜಾರೋ ಜಾಗ ಮೂರಿವೆ. ಒಂದು, ಬೇಸಿಗೆಯಲ್ಲಿ ರಾತ್ರಿ ಕಾರ್ಯಕ್ರಮಗಳ ರಿಪೀಟ್ ಹಾಕ್ತಾರೆ, ಪ್ರೋಮೋ ಅದರದ್ದೂ ಬರತ್ತೆ, ಹಾಗಾಗಿ ಮೊದಲ ಪ್ರಸಾರದ ದಿನ ಒಂದನ್ನೇ ನೋಡ್ಬೇಡಿ. ಎರಡು, ಪ್ರೋಮೋ ಹೇಳೋದು ಏನು ಪ್ಲಾನ್ ಇತ್ತು ಅಂತ, ಏನಾಯ್ತು ಅಂತಲ್ಲ. 30 ಮಾರ್ಚ್ 1981 ಸೋಮವಾರ ರಾತ್ರಿ ಎಬಿಸಿಯಲ್ಲಿ ಆಸ್ಕರ್ ಸಮಾರಂಭ ಇರಬೇಕಿತ್ತು, ಮಧ್ಯಾಹ್ನ ಅಮೆರಿಕದ ಅಧ್ಯಕ್ಷ ರೇಗನ್ ಮೇಲೆ ಗುಂಡು ಹಾರಿ ಸಮಾರಂಭ ಮಾರನೇ ದಿನಕ್ಕೆ ಹೋಯ್ತು. ಅವತ್ತು ಬೆಳಗ್ಗೆ ಎಬಿಸಿಯಲ್ಲಿ ಬಂದ ಪ್ರೋಮೋ 'ಇವತ್ತು ರಾತ್ರಿ ಆಸ್ಕರ್' ಅಂದಿದ್ರೆ ಆ ಟೇಪ್ 30ರದ್ದು, ಪುಸ್ತಕದಲ್ಲಿ ಆಸ್ಕರ್ ದಿನ 31 ಅಂತ ಇದ್ರೂ. ಮೂರನೇದು ಲೋಕಲ್ ಸ್ಟೇಷನ್ ಕಿತಾಪತಿ. ನೆಟ್‌ವರ್ಕ್ ಕಳಿಸಿದ ಹೊತ್ತಿಗೇ ಎಲ್ಲ ಸ್ಟೇಷನ್ನೂ ಹಾಕ್ತಿರ್ಲಿಲ್ಲ, ಕೆಲವರು ರೆಕಾರ್ಡ್ ಮಾಡಿಟ್ಟು ಮಾರನೇ ದಿನ ಬೆಳಗ್ಗೆ ಹಾಕೋರು, ಎಬಿಸಿಗೆ ಹೋದ್ಮೇಲೆ ದ ಎಡ್ಜ್ ಆಫ್ ನೈಟ್‌ಗೆ ಹೀಗೆ ಆಗ್ತಿತ್ತು. ಆಗ ಲೋಕಲ್ ನ್ಯೂಸ್ ತುಣುಕು ಒಂದು ದಿನ ಹೇಳತ್ತೆ, ಎಪಿಸೋಡ್ ಹಿಂದಿನ ದಿನದ್ದಾಗಿರತ್ತೆ. ಪ್ರೋಮೋ ನೆಟ್‌ವರ್ಕಿಂದೋ ಲೋಕಲ್ಲೋ ಅಂತ ಬೇರೆ ಬೇರೆ ಬರ್ಕೊಳ್ಳಿ.

ಲೋಕಲ್ ಅಂದೆ, ಅದರಲ್ಲೂ ಸೊಗಸಾದ ಸಾಕ್ಷಿ ಸಿಗತ್ತೆ. ಸ್ಕ್ರೀನ್ ಕೆಳಗೆ ಓಡೋ ಬಿರುಗಾಳಿ ಎಚ್ಚರಿಕೆ, ಹಿಮ ಬಿದ್ದು ಸ್ಕೂಲ್ ರಜಾ ಅನ್ನೋ ಪಟ್ಟಿ, 'ಆರು ಗಂಟೆ ವಾರ್ತೆಯಲ್ಲಿ' ಅಂತ ಹತ್ತು ಸೆಕೆಂಡಿನ ಹೆಡ್‌ಲೈನ್. ಸ್ಟೇಷನ್ ಹೆಸರಿನ ನಾಲ್ಕಕ್ಷರ ನೋಡಿ ಊರು ಗುರುತಿಸಿ, ಆ ಊರಿನ ಪೇಪರ್ ತೆಗೆದು ನೋಡಿ.

ಐದನೇ ಹೆಜ್ಜೆ: ಯಾರು ನಟಿಸ್ತಿದ್ದಾರೆ ಅಂತ ನೋಡಿ

ಸೋಪ್‌ನಲ್ಲಿ ಪಾತ್ರ ಇರತ್ತೆ, ನಟರು ಬದಲಾಗ್ತಾ ಇರ್ತಾರೆ. ದ ಯಂಗ್ ಅಂಡ್ ದ ರೆಸ್ಟ್‌ಲೆಸ್‌ನಲ್ಲಿ ಸ್ನ್ಯಾಪರ್ ಫಾಸ್ಟರ್ ಪಾತ್ರದಲ್ಲಿ ವಿಲಿಯಂ ಗ್ರೇ ಎಸ್ಪಿ ಕಂಡ್ರೆ 1973ರಿಂದ 1975ರ ಒಳಗೆ, ಡೇವಿಡ್ ಹ್ಯಾಸಲ್‌ಹಾಫ್ ಕಂಡ್ರೆ 1975 ಆದ್ಮೇಲೆ. ಎರಿಕ್ ಬ್ರೇಡನ್ ವಿಕ್ಟರ್ ನ್ಯೂಮನ್ ಆಗಿ ಬಂದ್ರೆ 1980ರ ಫೆಬ್ರವರಿ ಆದ್ಮೇಲೆ. ಜನರಲ್ ಹಾಸ್ಪಿಟಲ್‌ನಲ್ಲಿ ಲ್ಯೂಕ್ ಇದ್ರೆ 1978ರ ನವೆಂಬರ್ ಆದ್ಮೇಲೆ, ಅವನು ಲಾರಾನ ಮದುವೆಯಾಗಿದ್ದು 16 ಮತ್ತು 17 ನವೆಂಬರ್ 1981ಕ್ಕೆ, ಸುಮಾರು 3 ಕೋಟಿ ಜನ ನೋಡಿದ ಮದುವೆ ಅದು, ಎಲಿಜಬೆತ್ ಟೇಲರ್ ಕೂಡ ಬಂದಿದ್ರು. ಹಾಗಾಗಿ ಮದುವೆಗೆ ಮುಂಚೆಯೋ ಆಮೇಲೋ ಅನ್ನೋದೇ ಒಂದು ಗೆರೆ. ಆಮೇಲೆ ಸ್ಟಾರ್ ಆದವರೂ ಸಹಾಯಕ್ಕೆ ಬರ್ತಾರೆ, ಮೆಗ್ ರಯಾನ್ 1982ರಿಂದ 84ರ ತನಕ ಆಸ್ ದ ವರ್ಲ್ಡ್ ಟರ್ನ್ಸ್‌ನಲ್ಲಿದ್ರು, ಡೆಮಿ ಮೂರ್ 1982-83ರಲ್ಲಿ ಜನರಲ್ ಹಾಸ್ಪಿಟಲ್‌ನಲ್ಲಿ.

'ಇಂದಿನಿಂದ ಈ ಪಾತ್ರವನ್ನು ಇಂಥವರು ನಿರ್ವಹಿಸುತ್ತಾರೆ' ಅಂತ ಅನೌನ್ಸರ್ ಧ್ವನಿ ಕೇಳಿಸಿದ್ರೆ ನಿಮ್ಮ ಅದೃಷ್ಟ, ಅದು ಹೊಸಬರ ಮೊದಲ ದಿನ ಇರಬಹುದು, ಇಲ್ಲ ಒಂದೆರಡು ದಿನಕ್ಕೆ ಮಾತ್ರ ಬಂದ ಬದಲಿ ನಟ ಇರಬಹುದು. ಇದಕ್ಕೆ ಮೀರಿ ನಟರ ಇಸವಿಗಳನ್ನ ನಾನು ಎರಡನೇ ದರ್ಜೆ ಸಾಕ್ಷಿ ಅಂತಲೇ ಇಡ್ತೀನಿ, ಯಾಕಂದ್ರೆ ಆ ಇಸವಿಗಳೂ ಎಷ್ಟೋ ಕಡೆ ಇದೇ ತಪ್ಪು ಟೈಟಲಿನ ವಿಡಿಯೋ ನೋಡಿಯೇ ಬರೆದಿರೋದು. ಬಟ್ಟೆ, ಹೇರ್‌ಸ್ಟೈಲ್ ನೋಡಿ ಇಸವಿ ಹೇಳೋದಂತೂ ಬೇಡವೇ ಬೇಡ.

ಆರನೇ ಹೆಜ್ಜೆ: ಕಥೆಯೊಳಗಿನ ಕ್ಯಾಲೆಂಡರ್

ಅಮೆರಿಕನ್ ಸೋಪ್‌ನಲ್ಲಿ ಥ್ಯಾಂಕ್ಸ್‌ಗಿವಿಂಗ್, ಕ್ರಿಸ್ಮಸ್, ಹೊಸ ವರ್ಷ ನಮ್ಮ ಧಾರಾವಾಹಿಯ ಗಣೇಶ ಹಬ್ಬದ ಎಪಿಸೋಡ್ ಥರ ಸರಿಯಾದ ಹೊತ್ತಿಗೇ ಬರತ್ತೆ. ಗಿಡಕ್ಕೆ ಲೈಟ್ ಹಾಕ್ತಿದ್ರೆ ಡಿಸೆಂಬರ್, ಅಷ್ಟು ನಂಬಬಹುದು. ಆದ್ರೆ ಕಥೆಯೊಳಗಿನ ಒಂದೇ ದಿನಾನ ಮೂರು ನಾಲ್ಕು ಎಪಿಸೋಡಿಗೆ ಎಳೆಯೋದುಂಟು, ಕ್ರಿಸ್ಮಸ್ ಶನಿವಾರ ಬಂದ ವರ್ಷ ಶುಕ್ರವಾರಕ್ಕೆ ಮುಗಿಸ್ಬಿಡೋದುಂಟು. ಗೋಡೆ ಕ್ಯಾಲೆಂಡರ್ ಕಂಡ್ರೆ ತಿಂಗಳ ಮೊದಲ ದಿನ ಯಾವ ವಾರ ಅಂತ ನೋಡಿ, ಆದ್ರೆ ಅಂಥ ಕ್ಯಾಲೆಂಡರ್ ಒಂದಕ್ಕಿಂತ ಹೆಚ್ಚು ವರ್ಷಕ್ಕೆ ಹೊಂದತ್ತೆ, 1981ರ ಕ್ಯಾಲೆಂಡರೇ 1987ಕ್ಕೂ ಬರತ್ತೆ. ಎರಡನೇ ಹೆಜ್ಜೆಯಲ್ಲಿ ಗಡಿ ಹಾಕಿದ್ರೆ ಈ ಗೊಂದಲ ಇರಲ್ಲ.

ಇಲ್ಲಿ ಕೆಲಸಕ್ಕೆ ಬರೋ ಇನ್ನೊಂದು ದಾರಿ ಸರಪಳಿ ಕಟ್ಟೋದು. ಎಪಿಸೋಡ್ ಶುರುವಾಗೋದು ಹಿಂದಿನ ದಿನದ ಕೊನೇ ದೃಶ್ಯದಿಂದ, ಕೆಲವೊಮ್ಮೆ ಅದೇ ಮಾತು ಮತ್ತೆ ಆಡ್ತಾರೆ. ಹಾಗಾಗಿ ಒಂದೇ ಕ್ಯಾಸೆಟ್ಟಲ್ಲಿ ಸಾಲಾಗಿ ನಾಲ್ಕೈದು ಎಪಿಸೋಡ್ ಇದ್ರೆ ಅದರಲ್ಲಿ ಒಂದಕ್ಕೆ ಗಟ್ಟಿ ದಿನಾಂಕ ಸಿಕ್ರೆ ಸಾಕು, ಹಿಂದೆ ಮುಂದೆ ಎಣಿಸ್ಕೊಂಡು ಹೋಗಬಹುದು. ದೊಡ್ಡ ಕ್ಲಿಫ್‌ಹ್ಯಾಂಗರ್ (ಮುಂದೇನು ಅನ್ನೋ ಕುತೂಹಲದಲ್ಲಿ ನಿಲ್ಲಿಸೋ ಕೊನೆ) ಸಾಮಾನ್ಯವಾಗಿ ಶುಕ್ರವಾರ, ಉದ್ದನೆ ಕ್ರೆಡಿಟ್ಸೂ ಎಷ್ಟೋ ಸೋಪ್‌ಗಳಲ್ಲಿ ವಾರಕ್ಕೊಮ್ಮೆ.

ಏಳನೇ ಹೆಜ್ಜೆ: ಪ್ರಸಾರ ಆಗದ ದಿನಗಳನ್ನ ಕಳೀರಿ

ಸರಪಳಿ ಎಣಿಸುವಾಗ ಈ ರಜಾ ದಿನಗಳೇ ಕಾಲು ಎಳೆಯೋದು. 22 ನವೆಂಬರ್ 1963 ಶುಕ್ರವಾರ, ಸಿಬಿಎಸ್‌ನಲ್ಲಿ ಆಸ್ ದ ವರ್ಲ್ಡ್ ಟರ್ನ್ಸ್ ಲೈವ್ ನಡೀತಿತ್ತು, ಶುರುವಾಗಿ ಹತ್ತು ನಿಮಿಷ ಆಗಿತ್ತು ಅಷ್ಟೇ, ನ್ಯಾನ್ಸಿ ಹ್ಯೂಸ್ ಪಾತ್ರದ ಹೆಲೆನ್ ವ್ಯಾಗ್ನರ್ ಮಾತಾಡ್ತಿದ್ದಾಗ ಸ್ಕ್ರೀನ್ ಮೇಲೆ ಬುಲೆಟಿನ್ ಕಾರ್ಡ್ ಬಂತು, ಕೆನಡಿ ಮೇಲೆ ಗುಂಡು ಹಾರಿಸಿದ್ದಾರೆ ಅಂತ ಸಿಬಿಎಸ್ ವಾರ್ತೆ ಓದ್ತಿದ್ದ ವಾಲ್ಟರ್ ಕ್ರಾಂಕೈಟ್ ಧ್ವನಿ. ಆವಾಗ ಹೋದ ಸೋಪ್‌ಗಳು ಸೋಮವಾರ 25ರ ಅಂತ್ಯಕ್ರಿಯೆ ಮುಗಿಯೋ ತನಕ ಬರ್ಲಿಲ್ಲ. ಈ ತುಣುಕಿಗೆ ದಿನಾಂಕ ಹುಡುಕೋದೇ ಬೇಡ, ಮೈಮೇಲೇ ಬರ್ಕೊಂಡಿದೆ.

ಮಿಕ್ಕಿದ್ದು ಬೇಗ ಹೇಳ್ತೀನಿ. 17 ಮೇ 1973ರಿಂದ ಅಧ್ಯಕ್ಷ ನಿಕ್ಸನ್ ಕಾಲದ ವಾಟರ್‌ಗೇಟ್ ಹಗರಣದ ವಿಚಾರಣೆ, ಮೊದಲು ಮೂರೂ ನೆಟ್‌ವರ್ಕ್ ಒಟ್ಟಿಗೆ, ಆಮೇಲೆ ಸರದಿ ಮೇಲೆ ದಿನಕ್ಕೊಬ್ರು ತೋರಿಸಿದ್ರು, ಹಾಗಾಗಿ ಅವತ್ತು ಸರದಿ ಯಾರದ್ದು ಅಂತ ನೋಡಿಯೇ ಎಣಿಸಬೇಕು, ಆ ಬೇಸಿಗೆ ನಿಜವಾಗ್ಲೂ ತಲೆನೋವು. 30 ಮಾರ್ಚ್ 1981 ರೇಗನ್, ಗುಂಡು ಹಾರಿದ್ದು ಮಧ್ಯಾಹ್ನ 2:27ಕ್ಕೆ, ಅಂದ್ರೆ ಅವತ್ತು ಮಧ್ಯಾಹ್ನದ ಮೊದಲ ಸೋಪ್‌ಗಳು ಬಂದಿವೆ, ಆಮೇಲಿನವು ಇಲ್ಲ. 28 ಜನವರಿ 1986 ಚಾಲೆಂಜರ್ ಬಾಹ್ಯಾಕಾಶ ನೌಕೆಯ ದುರಂತ. 1984ರಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಎಬಿಸಿಯಲ್ಲಿ, ಜುಲೈ ಕೊನೆಯಿಂದ 12 ಆಗಸ್ಟ್ ತನಕ. ಥ್ಯಾಂಕ್ಸ್‌ಗಿವಿಂಗ್ ಗುರುವಾರ ಪರೇಡ್ ಮತ್ತೆ ಫುಟ್‌ಬಾಲ್ ಇರತ್ತೆ, ಅವತ್ತು ಸೋಪ್ ಬಂತಾ ಇಲ್ವಾ ಅಂತ ಪೇಪರ್ ನೋಡದೇ ಹೇಳ್ಬೇಡಿ. ಇದಕ್ಕೆ ಉಲ್ಟಾ ಒಂದಿದೆ, 4 ಆಗಸ್ಟ್ 1983ಕ್ಕೆ ಸರ್ಚ್ ಫಾರ್ ಟುಮಾರೊ ಲೈವ್ ಮಾಡಬೇಕಾಗಿ ಬಂತು, ಟೇಪ್ ಕಾಣೆಯಾಗಿದೆ ಅಂತ. ಆ ಕಾಲಕ್ಕೆ ಲೈವ್ ಸೋಪ್ ಕಂಡ್ರೆ ಆ ದಿನ ನೆನಪಿಸ್ಕೊಳ್ಳಿ.

ಇದನ್ನೆಲ್ಲ ಕೊನೆಗೆ ಪೇಪರ್ ಜೊತೆ ತಾಳೆ ನೋಡ್ಬೇಕು. ಗೂಗಲ್ ನ್ಯೂಸ್ ಆರ್ಕೈವ್‌ನಲ್ಲಿ ಹಳೇ ಪೇಪರ್ ಸ್ಕ್ಯಾನ್ ಇವೆ, ಇಂಟರ್ನೆಟ್ ಆರ್ಕೈವ್‌ನಲ್ಲಿ ಮ್ಯಾಗಜೀನ್‌ಗಳು ಸಿಗ್ತವೆ, ಸೋಪ್ ಒಪೆರಾ ಡೈಜೆಸ್ಟ್ 1975ರಿಂದ ಬಂತು. ಪೇಪರಲ್ಲಿ ಎರಡು ಜಾಗ ನೋಡಿ, ಅವತ್ತಿನ ಟಿವಿ ಪಟ್ಟಿ ಮತ್ತೆ ವಾರಕ್ಕೊಮ್ಮೆ ಬರೋ ಸೋಪ್ ಕಥಾಸಾರ. ಕಥಾಸಾರ ಯಾವ ವಾರದ್ದು ಅಂತ ಗಮನ ಇಟ್ಟು ಓದಿ, ಹೆಚ್ಚಿನವು ಮುಗಿದ ವಾರದ್ದು, ಪೇಪರಿನ ದಿನಾಂಕವನ್ನೇ ಎಪಿಸೋಡಿಗೆ ಅಂಟಿಸಿದ್ರೆ ಏಳು ದಿನ ಮುಂದೆ ಹೋಗ್ತೀರ. ಮ್ಯಾಗಜೀನ್ ಕಥಾಸಾರ ಇನ್ನೂ ತಡ. ಆನ್‌ಲೈನ್‌ನಲ್ಲಿ ಸಿಗದ ಕಿನೆಸ್ಕೋಪ್ ಆದ್ರೆ ಯುಸಿಎಲ್‌ಎ ಫಿಲ್ಮ್ ಅಂಡ್ ಟೆಲಿವಿಷನ್ ಆರ್ಕೈವ್, ನ್ಯೂಯಾರ್ಕಿನ ಪೇಲಿ ಸೆಂಟರ್ ಇವುಗಳ ಕ್ಯಾಟಲಾಗ್ ಹುಡುಕಿ, ಅಮೆರಿಕದಲ್ಲಿ ಇರೋ ನಮ್ಮವರು ಹೋಗಿ ನೋಡಿಯೂ ಬರಬಹುದು.

ಎಂಟನೇ ಹೆಜ್ಜೆ: ಹೇಗೆ ಬರೆದಿಡೋದು

ದಿನಾಂಕ ಸಿಕ್ಕಿತು ಅಂತ ಟೈಟಲ್ ಬದಲಾಯಿಸಿ ಸುಮ್ಮನಾದ್ರೆ ನೀವೂ ಆ ಅಟ್ಟದ ಕ್ಯಾಸೆಟ್ ಥರಾನೇ, ಮುಂದಿನವರಿಗೆ ಅದು ಅಂದಾಜೋ ಸಾಕ್ಷಿಯೋ ಗೊತ್ತಾಗಲ್ಲ. ಫೈಲ್ ಹೆಸರಲ್ಲಿ ಮೊದಲು ಇಸವಿ, ಆಮೇಲೆ ತಿಂಗಳು, ದಿನ ಹಾಕಿ, ಹಾಗೆ ಹಾಕಿದ್ರೆ ಫೋಲ್ಡರಲ್ಲಿ ತಾನಾಗೇ ಸಾಲಾಗಿ ನಿಲ್ತವೆ. ಪಕ್ಕದಲ್ಲಿ ಖಚಿತ, ಬಹುತೇಕ, ಅಂದಾಜು ಅಂತ ಮೂರರಲ್ಲಿ ಒಂದು ಬರೀರಿ, ಕೆಳಗೆ ಕಾರಣ ಒಂದು ಸಾಲು: 'ಎಷ್ಟನೇ ನಿಮಿಷಕ್ಕೆ ಯಾವ ಪ್ರೋಮೋ, ಯಾವ ಪೇಪರಿನ ಪಟ್ಟಿ ಜೊತೆ ತಾಳೆ ಆಯ್ತು' ಅಂತ. ನನ್ನ ಪ್ರಕಾರ ಒಂದಕ್ಕೊಂದು ಸಂಬಂಧ ಇಲ್ಲದ ಎರಡು ಸಾಕ್ಷಿ ಒಂದೇ ದಿನ ಹೇಳಿದ್ರೆ ಮಾತ್ರ ಖಚಿತ, ಒಂದೇ ಪ್ರೋಮೋ ಎಷ್ಟೇ ಸ್ಪಷ್ಟ ಇದ್ರೂ ಬಹುತೇಕ. ಎರಡು ದಿನ ಉಳ್ಕೊಂಡ್ರೆ ಎರಡನ್ನೂ ಬರೀರಿ, ಚೆನ್ನಾಗಿ ಕಾಣತ್ತೆ ಅಂತ ಒಂದನ್ನ ಆರಿಸ್ಬೇಡಿ.

ಇನ್ನು ನಿಮ್ಮ ಹತ್ರಾನೇ ಅಸಲಿ ಕ್ಯಾಸೆಟ್ ಇದ್ದು ಡಿಜಿಟಲ್ ಮಾಡ್ತಿದ್ರೆ, ದಯವಿಟ್ಟು ಜಾಹೀರಾತು ಕತ್ತರಿಸ್ಬೇಡಿ, ಎಪಿಸೋಡ್ ಮುಗಿದ್ಮೇಲೆ ಟೇಪ್ ಕೊನೆ ತನಕ ಓಡ್ಲಿ. ಹಳೇ ರೆಕಾರ್ಡಿಂಗ್ ಮೇಲೆ ಹೊಸದು ಮಾಡಿದಾಗ ಬಾಲದಲ್ಲಿ ಮುಂಚಿನ ದಿನದ್ದು ಅರ್ಧ ನಿಮಿಷ ಉಳಿದಿರತ್ತೆ, ಎಷ್ಟೋ ಸಲ ಆ ಅರ್ಧ ನಿಮಿಷದಲ್ಲೇ ನ್ಯೂಸ್ ರೀಡರ್ ದಿನಾಂಕ ಓದಿ ಹೋಗಿರ್ತಾರೆ.